ಯುಡಿಐಡಿ (ಅಂಗವಿಕಲರ ವಿಶಿಷ್ಟ ಗುರುತಿನ) ಕಾರ್ಡಿನಲ್ಲಿ ಅಂಗವೈಕಲ್ಯದ ಶೇಕಡಾವಾರು ಕಡಿಮೆ ಬರೆದಿದ್ದಾರೆ, ಸರಿಪಡಿಸುವುದು ಹೇಗೆ?

ನೀವು ಕೇಳಿರುವುದು ಇಷ್ಟು: ಶಹಾಪುರ ತಾಲ್ಲೂಕಿನಲ್ಲಿರುವ ನಿಮ್ಮ ತಮ್ಮನಿಗೆ ಎಡಗಾಲು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ, ಅದೇ ಅಪಘಾತದಲ್ಲಿ ಒಂದು ಕಣ್ಣೂ ಪೂರ್ತಿ ಹೋಗಿದೆ. ಸರ್ಕಾರಿ ದವಾಖಾನೆಯ ಪ್ರಮಾಣಪತ್ರದಲ್ಲಿ ಶೇ 60 ಎಂದಷ್ಟೇ ಇದೆ, ಕಣ್ಣಿನ ಮಾತೇ ಇಲ್ಲ. ತಿಂಗಳಿಗೆ 800 ರೂಪಾಯಿ ಪಿಂಚಣಿ ಬರುತ್ತಿದೆ, ಶೇ 75 ದಾಟಿದ್ದರೆ 1,400 ಬರುತ್ತಿತ್ತು. ಕಾಲಿನ 60ಕ್ಕೆ ಕಣ್ಣಿನ 30 ಕೂಡಿಸಿ 90 ಕೊಡಬೇಕಿತ್ತಲ್ಲ ಎನ್ನುತ್ತೀರಿ.

90 ಆಗುವುದಿಲ್ಲ ನೋಡ್ರಿ. ಹಾಗೆ ಅರ್ಜಿ ಬರೆದರೆ ಮೊದಲ ಸಾಲಿಗೇ ಬಿದ್ದುಹೋಗುತ್ತದೆ. ಎರಡು ವೈಕಲ್ಯಗಳನ್ನು ನೇರವಾಗಿ ಕೂಡುವ ಪದ್ಧತಿ ಇಲ್ಲ. ದೊಡ್ಡ ಅಂಕಿಯನ್ನು ಹಾಗೇ ಇಟ್ಟುಕೊಂಡು, ಅದನ್ನು 90ರಿಂದ ಕಳೆದು, ಉಳಿದದ್ದನ್ನು ಸಣ್ಣ ಅಂಕಿಯಿಂದ ಗುಣಿಸಿ 90ರಿಂದ ಭಾಗಿಸಬೇಕು; ಬಂದದ್ದನ್ನು ದೊಡ್ಡ ಅಂಕಿಗೆ ಸೇರಿಸಬೇಕು. ನಿಮ್ಮ ತಮ್ಮನ ಲೆಕ್ಕ: 90ರಲ್ಲಿ 60 ಕಳೆದರೆ 30, ಅದನ್ನು 30ರಿಂದ ಗುಣಿಸಿದರೆ 900, 90ರಿಂದ ಭಾಗಿಸಿದರೆ 10. ಒಟ್ಟು 70. ಅಂದರೆ ಕಣ್ಣನ್ನು ಸೇರಿಸಿದರೂ ಪಿಂಚಣಿ 800ರಲ್ಲೇ ನಿಲ್ಲುತ್ತದೆ.

ಹಾಗಾಗಿ ನಿಜವಾಗಿ ನೋಡಬೇಕಾದದ್ದು ಆ 60 ಎಲ್ಲಿಂದ ಬಂತು ಎಂಬುದನ್ನು. ಮೊಣಕಾಲಿನ ಕೆಳಗೆ ಕತ್ತರಿಸಿದ ಕಾಲಿಗೆ ಕೇಂದ್ರದ ಮಾರ್ಗಸೂಚಿಯಲ್ಲಿ ಎರಡು ದರ ಇವೆ: ಉಳಿದ ಮೋಟು 8 ಸೆಂಟಿಮೀಟರ್‌ವರೆಗೆ ಇದ್ದರೆ 70, ಅದಕ್ಕಿಂತ ಉದ್ದವಿದ್ದರೆ 60. ಮೋಟು ಗಿಡ್ಡದ್ದಾಗಿದ್ದು ಟೇಪು ಹಿಡಿಯದೆ ಕಣ್ಣಂದಾಜಿನಲ್ಲಿ 60 ಹಾಕಿದ್ದರೆ, ಸರಿಯಾದ ಲೆಕ್ಕ 70ರಿಂದ ಶುರುವಾಗುತ್ತದೆ. ಕಣ್ಣು ಸೇರಿ ಸುಮಾರು 77 ಆಗುತ್ತದೆ. ಆಗ 1,400ಕ್ಕೆ ಅರ್ಹ. (ಕಾರ್ಡು ಹಳದಿಯಾಗಿಯೇ ಇರುತ್ತದೆ, ನೀಲಿ ಬರುವುದು 80ರಿಂದ. ಬಣ್ಣ ನೋಡಿ ಮತ್ತೆ ಗಾಬರಿಯಾಗಬೇಡಿ.) ಇನ್ನೊಂದು ಕಣ್ಣು ಚೆನ್ನಾಗಿದ್ದಾಗ ಒಂದು ಕಣ್ಣು ಪೂರ್ತಿ ಹೋದದ್ದಕ್ಕೆ 30 ಎಂಬುದು ಸರಿ. ಚೆನ್ನಾಗಿರುವ ಕಣ್ಣಿಗೂ ಕನ್ನಡಕ ಹಾಕಿಯೂ ದೃಷ್ಟಿ ಮಂಜಾಗಿದ್ದರೆ ಅಂಕಿ ಮೇಲೇರುತ್ತದೆ, ಅದನ್ನೂ ಪರೀಕ್ಷೆ ಮಾಡಿಸಿ.

ಮೊದಲು ಮನೆಯಲ್ಲೇ ಅಳೆಯಿರಿ, ಆಮೇಲೆ ಮೋಟಿನ ಎಕ್ಸ್‌ರೇ ತೆಗೆಸಿ. 12–13 ಸೆಂಟಿಮೀಟರ್ ಇದೆ ಎಂದಾದರೆ ಪಿಂಚಣಿಗಾಗಿ ಓಡಾಡುವುದರಲ್ಲಿ ಅರ್ಥವಿಲ್ಲ. ಆದರೂ ಕಣ್ಣನ್ನು ಸೇರಿಸಿಕೊಳ್ಳಿ. ನೌಕರಿಯ ಮೀಸಲಾತಿಯಲ್ಲಿ ಯಾವ ವೈಕಲ್ಯದ ವರ್ಗ ಎಂಬುದು ಮುಖ್ಯವಾಗುತ್ತದೆ.

ಕಣ್ಣು ಬಿಟ್ಟುಹೋಗುವುದಕ್ಕೆ ಸಾಮಾನ್ಯ ಕಾರಣ ವೈದ್ಯರಲ್ಲ, ಅರ್ಜಿ. ಆನ್‌ಲೈನ್ ಸೆಂಟರಿನವರು ಚಲನವೈಕಲ್ಯ (ಕೈಕಾಲಿನ ವೈಕಲ್ಯ) ಒಂದಕ್ಕೇ ಟಿಕ್ ಹಾಕಿದರೆ ಕಡತ ಮೂಳೆ ವೈದ್ಯರ ಹತ್ತಿರ ಹೋಗಿ ಅಲ್ಲೇ ಮುಗಿಯುತ್ತದೆ. ಅರ್ಜಿಯ ಪ್ರತಿ ತೆಗೆದು ನೋಡಿ.

ಇನ್ನು ಕಾಗದದ ಕೆಲಸ. ತಪಾಸಣೆ ದಿನ ವೈದ್ಯರು ತುಂಬಿದ ಹಾಳೆಯ ನಕಲು ಬೇಕು, ಪ್ರಮಾಣಪತ್ರ ಮಾತ್ರ ಸಾಲದು. ಕೇಳಿದರೆ ಕೊಡದಿದ್ದರೆ ಆ ಆಸ್ಪತ್ರೆಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಆರ್‌ಟಿಐ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್ ಕಾರ್ಡಿನ ಜೆರಾಕ್ಸ್ ಲಗತ್ತಿಸಿದರೆ ಅದೂ ಬೇಡ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಇದನ್ನು ಮರೆತು ಇಡೀ ಕಷ್ಟ ಬರೆದು ತಿರಸ್ಕಾರ ಮಾಡಿಸಿಕೊಳ್ಳುವವರೇ ಹೆಚ್ಚು. ಉತ್ತರಕ್ಕೆ 30 ದಿನ.

ಹಾಳೆ ಕೈಗೆ ಬಂದ ಮೇಲೆ ಪ್ರಮಾಣಪತ್ರ ಕೊಟ್ಟ ವೈದ್ಯಕೀಯ ಪ್ರಾಧಿಕಾರಕ್ಕೆ ಮರುಮೌಲ್ಯಮಾಪನದ ಅರ್ಜಿ ಬರೆಯಿರಿ. ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ ಒಂದು ಪ್ರತಿ. ಒಂದೇ ಪುಟ ಇರಲಿ. ‘ಅನ್ಯಾಯವಾಗಿದೆ’ ಎಂದು ಬರೆಯಬೇಡಿ, ಅದಕ್ಕೆ ಯಾರೂ ಉತ್ತರಿಸಲಾರರು. ‘ಮೋಟಿನ ಉದ್ದ ಹಾಳೆಯಲ್ಲಿ ದಾಖಲಾಗಿಲ್ಲ, ಎಕ್ಸ್‌ರೇ ಪ್ರಕಾರ ಇಷ್ಟು ಸೆಂ.ಮೀ.; ಬಲಗಣ್ಣಿನ ಪರೀಕ್ಷೆ ನಡೆದಿಲ್ಲ; ಬಹುವೈಕಲ್ಯದ ನಮೂನೆಯಲ್ಲಿ ಪ್ರಮಾಣಪತ್ರ ಕೊಡಬೇಕು’ ಎಂದು ಬರೆಯಿರಿ. ಕಣ್ಣು ಎಡವೋ ಬಲವೋ ಸರಿಯಾಗಿ ನಮೂದಿಸಿ. ಕತ್ತರಿಸಿದಾಗಿನ ಡಿಸ್ಚಾರ್ಜ್ ಸಮರಿ, ನೇತ್ರ ವೈದ್ಯರ ವರದಿ, ಎಕ್ಸ್‌ರೇ ಜೆರಾಕ್ಸ್ ಜೋಡಿಸಿ. ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ.

ಮರುತಪಾಸಣೆಗೆ ಕರೆದಾಗ ತಮ್ಮ ಲುಂಗಿಯಲ್ಲಿ ಬರಲಿ, ಕೃತಕ ಕಾಲು ಬಿಚ್ಚಿ ತೋರಿಸಲಿ. ಪ್ಯಾಂಟು ತೊಟ್ಟು ಕೃತಕ ಕಾಲಿನಲ್ಲಿ ನಡೆದು ಹೋದರೆ ಮೇಲಿನಿಂದಲೇ ನೋಡಿ ಬರೆದು ಕಳಿಸುವ ಸಾಧ್ಯತೆ ಇದೆ. ಉದ್ದವನ್ನು ಸೆಂಟಿಮೀಟರಿನಲ್ಲಿ ಬರೆಯಿರಿ ಸಾಹೇಬ್ರೆ ಎಂದು ಬಾಯಿಬಿಟ್ಟು ಕೇಳಿ.

ಅಲ್ಲಿಯೂ ಒಪ್ಪದಿದ್ದರೆ ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ 59ನೇ ಕಲಮಿನಡಿ ರಾಜ್ಯ ಸರ್ಕಾರ ನೇಮಿಸಿದ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಯಾರಿಗೆ ಸಲ್ಲಿಸಬೇಕು ಎಂಬುದನ್ನು ಕಲ್ಯಾಣಾಧಿಕಾರಿಯ ಕಚೇರಿಯಿಂದ ಲಿಖಿತವಾಗಿ ಪಡೆಯಿರಿ. ಅರ್ಜಿಗೆ ಉತ್ತರವನ್ನೇ ಕೊಡದೆ ಕೂತರೆ ಬೆಂಗಳೂರಿನ ರಾಜ್ಯ ಅಂಗವಿಕಲರ ಅಧಿನಿಯಮದ ಆಯುಕ್ತರಿಗೆ ಬರೆಯಿರಿ. ಅವರಿಗೆ ಸಿವಿಲ್ ನ್ಯಾಯಾಲಯದ ಕೆಲವು ಅಧಿಕಾರಗಳಿವೆ, ಕಡತ ತರಿಸಿಕೊಳ್ಳಬಲ್ಲರು. ಓಡಾಟಕ್ಕೆ ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತ) ಮತ್ತು ತಾಲ್ಲೂಕಿನ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ) ಅವರನ್ನು ಹಿಡಿಯಿರಿ, ಅದು ಅವರ ಕೆಲಸವೇ.

ಮಾಡಬಾರದ ಎರಡು ಕೆಲಸ. ಇನ್ನೊಂದು ಜಿಲ್ಲೆಯಿಂದ ಹೊಸ ಅರ್ಜಿ ಹಾಕಬೇಡಿ. ಆಧಾರ್ ಸಂಖ್ಯೆಯಲ್ಲಿ ಸಿಕ್ಕಿಬೀಳುತ್ತೀರಿ, ಹಳೆಯದೂ ಗೋಜಲಾಗುತ್ತದೆ. ಎರಡನೆಯದು, ‘80 ಮಾಡಿಸಿಕೊಡ್ತೀನಿ’ ಎನ್ನುವ ಏಜೆಂಟರು. ಮೋಸದಿಂದ ಸೌಲಭ್ಯ ಪಡೆದರೆ ಅದೇ 2016ರ ಕಾಯ್ದೆಯ 91ನೇ ಕಲಮಿನಡಿ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಸಿಕ್ಕಿಹಾಕಿಕೊಳ್ಳುವವನು ನಿಮ್ಮ ತಮ್ಮ, ಏಜೆಂಟನಲ್ಲ.

ಹೊಸ ಪ್ರಮಾಣಪತ್ರ ಬಂದ ಮಾತ್ರಕ್ಕೆ ಪಿಂಚಣಿ ತಾನಾಗಿ ಏರುವುದಿಲ್ಲ. ಅದನ್ನೂ ಹಳೆಯ ಪಿಂಚಣಿ ಆದೇಶವನ್ನೂ ಹಿಡಿದು ನಾಡಕಚೇರಿಯಲ್ಲಿ ಮೊತ್ತ ಪರಿಷ್ಕರಣೆಗೆ ಬೇರೆ ಅರ್ಜಿ ಕೊಡಬೇಕು.