ವಿದೇಶದಲ್ಲಿ ಮಾರ್ಮನ್ ಮಿಷನರಿಯಾಗಿರುವವರ ಒಂದು ವಾರ ಹೇಗಿರುತ್ತದೆ?

ನಿಮ್ಮ ಪ್ರಶ್ನೆ ಹೀಗಿತ್ತು: "ಎದೆ ಮೇಲೆ ಕಪ್ಪು ಬ್ಯಾಡ್ಜ್ ಹಾಕಿಕೊಂಡು ಇಬ್ಬಿಬ್ಬರಾಗಿ ತಿರುಗುವ ಮಾರ್ಮನ್ ಹುಡುಗ ಹುಡುಗಿಯರು ವಾರವಿಡೀ ಏನು ಮಾಡುತ್ತಾರೆ? ಎಷ್ಟು ಜನರನ್ನು ಸೇರಿಸಿಕೊಳ್ಳುತ್ತಾರೆ?"

ಮಾರ್ಮನ್ನರು ಅಂದರೆ ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥದವರು. ಧರ್ಮಪ್ರಚಾರಕ್ಕೆ ಹೋಗುವ ಅವರ ಮಿಷನರಿಗಳು ಹಾಕುವ ಆ ಬ್ಯಾಡ್ಜ್ ನಾನೂ ಹಾಕಿಕೊಂಡಿದ್ದೆ. 2018ರ ಆಗಸ್ಟ್‌ನಿಂದ ಹದಿನೆಂಟು ತಿಂಗಳು, ಇಂಗ್ಲೆಂಡಿನ ಉತ್ತರ ಭಾಗದಲ್ಲಿ. ಹುಡುಗರಿಗೆ ಎರಡು ವರ್ಷ, ಹುಡುಗಿಯರಿಗೆ ಒಂದೂವರೆ ವರ್ಷ. ನಮ್ಮ ಮನೆ ಬೆಂಗಳೂರಿನ ಲಿಂಗರಾಜಪುರದಲ್ಲಿ. ನಾನು ಚಿಕ್ಕವಳಿದ್ದಾಗಲೇ ಅಮ್ಮ ಈ ಚರ್ಚಿಗೆ ಸೇರಿದ್ದಳು. ಚನ್ನಪಟ್ಟಣದ ಹತ್ತಿರ ಇರುವ ಅಜ್ಜಿ ಮನೆಯಲ್ಲಿ ಮಾತ್ರ ಇವತ್ತಿಗೂ ಎಲ್ಲ ಹಬ್ಬ ನಡೆಯುತ್ತದೆ. ಇದನ್ನು ಯಾಕೆ ಹೇಳಿದೆ ಅಂದರೆ, ನಾನು ಬರೆಯಲು ಹೊರಟಿರುವುದು ದೀಪಾವಳಿಯ ವಾರದ ಬಗ್ಗೆ. ಇನ್ನೊಂದು ಮಾತು. ಚರ್ಚಿನವರು ತಮ್ಮನ್ನು "ಮಾರ್ಮನ್" ಅನ್ನಬೇಡಿ, "ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್" ಎಂಬ ಪೂರ್ತಿ ಹೆಸರು ಹೇಳಿ ಎಂದು 2018ರಲ್ಲೇ ಕೇಳಿಕೊಂಡರು. ನೀವು ಕೇಳಿದ ಪದ ಅದೇ ಆದ್ದರಿಂದ ಇಲ್ಲಿ ಬಳಸಿದ್ದೇನೆ.

ದಿನಚರಿ ಮೊದಲು ಹೇಳಿಬಿಡುತ್ತೇನೆ. ಬೆಳಿಗ್ಗೆ ಆರೂವರೆಗೆ ಏಳಬೇಕು. ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ, ಆಮೇಲೆ ಓದು. ಹತ್ತು ಗಂಟೆಗೆಲ್ಲ ಹೊರಗೆ. ರಾತ್ರಿ ಒಂಬತ್ತರ ಹೊತ್ತಿಗೆ ವಾಪಸ್, ಹತ್ತೂವರೆಗೆ ದೀಪ ಆರಿಸಬೇಕು. ಸಿನಿಮಾ ಇಲ್ಲ, ಟಿವಿ ಇಲ್ಲ, ಪ್ರೀತಿ ಪ್ರೇಮ ಇಲ್ಲ, ಸಂಬಳವೂ ಇಲ್ಲ. ಖರ್ಚಿಗೆ ನಮ್ಮ ಮನೆಯವರು ಆದಷ್ಟು ಕೊಟ್ಟರು, ಉಳಿದದ್ದು ಚರ್ಚಿನ ನಿಧಿಯಿಂದ ಬಂತು. ಇಬ್ಬರು ಸದಾ ಜೊತೆಗಿರಬೇಕು, ಒಬ್ಬರು ಇನ್ನೊಬ್ಬರ ಕಣ್ಣಿಗೆ ಕಾಣುವಷ್ಟು ಹತ್ತಿರ. ಸ್ನಾನದ ಮನೆ ಬಿಟ್ಟರೆ ಒಂಟಿ ಅನ್ನುವುದೇ ಇಲ್ಲ. ಆರು ವಾರಕ್ಕೊಮ್ಮೆ ಊರೋ ಜೊತೆಗಾತಿಯೋ ಬದಲಾಗಬಹುದು. ಆ ವರ್ಷದ ಕೊನೆಗೆ ಲೋಕದಲ್ಲೆಲ್ಲ ಸೇರಿ ಸುಮಾರು 65 ಸಾವಿರ ಜನ ಹೀಗೆ ತಿರುಗುತ್ತಿದ್ದರು.

ನನ್ನ ಮೊದಲ ಊರು ಪ್ರೆಸ್ಟನ್. ಜೊತೆಗಾತಿ ಫಿಲಿಪ್ಪೀನ್ಸಿನವಳು, ನನಗಿಂತ ಎರಡು ವರ್ಷ ದೊಡ್ಡವಳು. ಹೊಸಬಳಾದ ನನಗೆ ಕೆಲಸ ಕಲಿಸುವುದು ಅವಳ ಜವಾಬ್ದಾರಿ. ನಾವಿಬ್ಬರೂ ಅನ್ನ ತಿನ್ನುವವರು ಅನ್ನುವುದು ಎಷ್ಟು ದೊಡ್ಡ ಭಾಗ್ಯ ಅಂತ ಅಲ್ಲಿಗೆ ಹೋದವರಿಗೇ ಗೊತ್ತು. ಅವರ ಕಡೆ ಸಿನಿಗಾಂಗ್ ಅಂತ ಹುಣಸೆಹುಳಿ ಹಾಕಿದ ಒಂದು ಸಾರು ಮಾಡುತ್ತಾರೆ. ಅಮ್ಮ ಕಟ್ಟಿಕೊಟ್ಟಿದ್ದ ಸಾರಿನ ಪುಡಿಯಲ್ಲಿ ನಾನು ಮೊದಲ ಸಲ ತಿಳಿಸಾರು ಮಾಡಿದಾಗ ಅವಳು ಒಂದು ಚಮಚ ಕುಡಿದು ಸುಮ್ಮನೆ ಕೂತುಬಿಟ್ಟಳು. ಆಮೇಲೆ "ನಮ್ಮಮ್ಮನ ಅಡುಗೆಮನೆ ವಾಸನೆ" ಅಂದಳು.

ಸೋಮವಾರ, ನವೆಂಬರ್ 5. ಸೋಮವಾರ ನಮಗೆ ಅರ್ಧ ರಜೆ. ಬಟ್ಟೆ ಒಗೆಯುವುದು, ಸಾಮಾನು ತರುವುದು, ಮನೆಗೆ ಈಮೇಲ್ ಬರೆಯುವುದು. ಆಗ ಫೋನ್ ಮಾಡಲು ವರ್ಷಕ್ಕೆ ಎರಡೇ ಸಲ ಅವಕಾಶ ಇತ್ತು, ಕ್ರಿಸ್‌ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ. ವಾರಕ್ಕೊಮ್ಮೆ ಮಾತಾಡಬಹುದು ಅನ್ನುವ ನಿಯಮ ಬಂದಿದ್ದು 2019ರ ಫೆಬ್ರವರಿಯಲ್ಲಿ. ಅಮ್ಮ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಕಳಿಸುತ್ತಿದ್ದಳು. ಅದನ್ನು ಮನಸ್ಸಿನಲ್ಲಿ ಓದಿದರೆ ಅರ್ಥವಾಗುತ್ತಿರಲಿಲ್ಲ, ಬಾಯಿಬಿಟ್ಟು ಓದಬೇಕಿತ್ತು. ಹಾಗೆ ಓದುವಾಗ ಅವಳ ದನಿಯೇ ಕೇಳಿದಂತೆ ಆಗುತ್ತಿತ್ತು. ಅವತ್ತಿನ ಪತ್ರದಲ್ಲಿ, ಅಜ್ಜಿ ಮನೆಯಲ್ಲಿ ನಾಳೆ ಎಣ್ಣೆಸ್ನಾನ, ನಿನ್ನ ಪಾಲಿನ ಒಬ್ಬಟ್ಟು ನಿನ್ನ ತಮ್ಮನೇ ತಿನ್ನುತ್ತಾನಂತೆ ಅಂತ ಇತ್ತು.

ಅದೇ ರಾತ್ರಿ ಊರಿಡೀ ಪಟಾಕಿ! ಇಂಗ್ಲೆಂಡಿನಲ್ಲಿ ನವೆಂಬರ್ 5 ಬಾನ್‌ಫೈರ್ ನೈಟ್. 1605ರಲ್ಲಿ ಪಾರ್ಲಿಮೆಂಟನ್ನು ಮದ್ದಿಟ್ಟು ಸಿಡಿಸುವ ಸಂಚು ಸಿಕ್ಕಿಬಿದ್ದ ನೆನಪಿಗೆ ಬೆಂಕಿ ಹಾಕಿ ಪಟಾಕಿ ಹೊಡೆಯುತ್ತಾರೆ. ನನಗೆ ಅದೊಂದೂ ಗೊತ್ತಿರಲಿಲ್ಲ. ಕಿಟಕಿ ತೆಗೆದೆ. ಮದ್ದಿನ ವಾಸನೆ ತಣ್ಣನೆ ಗಾಳಿಯಲ್ಲಿ ಒಳಗೆ ಬಂತು. ಅಜ್ಜಿ ಮನೆ ಜಗಲಿ ಕಣ್ಣ ಮುಂದೆ ಬಂದು ತುಂಬಾ ಅತ್ತೆ.

ಮಂಗಳವಾರ ಸುತ್ತಮುತ್ತಲ ಮಿಷನರಿಗಳೆಲ್ಲ ಸೇರುವ ಸಭೆ, ಸಂಜೆ ಚರ್ಚಿನ ಒಬ್ಬ ಸದಸ್ಯರ ಮನೆಯಲ್ಲಿ ಊಟ. ಅಲ್ಲೊಂದು ತಮಾಷೆ ಇದೆ. ಆ ಕಡೆ ರಾತ್ರಿ ಊಟಕ್ಕೆ "ಟೀ" ಅಂತಲೇ ಹೆಸರು. ನಾವೋ ಟೀ, ಕಾಫಿ, ಮದ್ಯ, ತಂಬಾಕು ಯಾವುದೂ ಮುಟ್ಟದವರು. "ಮಂಗಳವಾರ ಟೀಗೆ ಬನ್ನಿ" ಅಂತ ಚರ್ಚಿನವರೇ ಕರೆದಾಗ ಮೊದಲ ಸಲ ನಾನು ಗಾಬರಿಯಾಗಿದ್ದೆ.

ಬುಧವಾರ ದೀಪಾವಳಿ ಅಮಾವಾಸ್ಯೆ. ಪ್ರೆಸ್ಟನ್‌ನಲ್ಲಿ ಗುಜರಾತಿಗಳು ಜಾಸ್ತಿ. 1960, 70ರ ದಶಕದಲ್ಲಿ ಗುಜರಾತಿನಿಂದ, ಪೂರ್ವ ಆಫ್ರಿಕದಿಂದ ಬಂದು ಗಿರಣಿಗಳಲ್ಲಿ ದುಡಿದ ಕುಟುಂಬಗಳು. ಸಂಜೆ ನಾಲ್ಕೂವರೆಗೇ ಕತ್ತಲು. ಒಂದಕ್ಕೊಂದು ಅಂಟಿಕೊಂಡ ಕೆಂಪು ಇಟ್ಟಿಗೆ ಮನೆಗಳ ಸಾಲು. ಒಂದು ಮನೆಯ ಬಾಗಿಲಲ್ಲಿ ರಂಗೋಲಿ ಇತ್ತು, ಅರ್ಧ ಮಳೆಗೆ ಕಲಸಿಹೋಗಿತ್ತು. ಹೊಸ್ತಿಲ ಒಳಗೆ ಎರಡು ಹಣತೆ. ಹಬ್ಬದ ದಿನ ಬಾಗಿಲು ತಟ್ಟಿ ಧರ್ಮದ ಮಾತಾಡುವುದು ನನಗೆ ಸರಿ ಕಾಣಲಿಲ್ಲ. ಜೊತೆಗಾತಿಗೆ ಹಾಗೇ ಹೇಳಿದೆ. "ಹಾಗಾದರೆ ಹಬ್ಬದ ಶುಭಾಶಯ ಹೇಳಿ ಬರೋಣ" ಅಂದಳು.

ಬಾಗಿಲು ತೆಗೆದವರಿಗೆ ಎಪ್ಪತ್ತೈದು ದಾಟಿರಬೇಕು. ಹತ್ತಿ ಸೀರೆ, ಮೇಲೊಂದು ದಪ್ಪ ಕಾರ್ಡಿಗನ್. ಮುಖ ನೋಡಿದವರೇ "ಇಂಡಿಯಾ?" ಅಂದರು. ಬ್ಯಾಡ್ಜ್ ನೋಡಲೇ ಇಲ್ಲ. ಒಳಗೆ ಕರೆದು ಕೂರಿಸಿದರು. ಗುಜರಾತಿಯಲ್ಲಿ ಅಮ್ಮ, ಅಜ್ಜಿಗೆ "ಬಾ" ಅನ್ನುತ್ತಾರಂತೆ, ಹಾಗೇ ಕರಿ ಅಂದರು. ನನಗೆ ಪ್ರತಿ ಸಲ ಬಾ ಅಂದಾಗಲೂ ನಮ್ಮ ಕನ್ನಡದಲ್ಲಿ ಯಾರನ್ನೋ ಹತ್ತಿರ ಕರೆದ ಹಾಗೆ ಅನಿಸುತ್ತಿತ್ತು.

ಬಾ ಕೇಳದೇ ಟೀಗೆ ಇಟ್ಟುಬಿಟ್ಟರು. ಶುಂಠಿ ಜಜ್ಜಿದ ವಾಸನೆ ಬಂತು. ನಮ್ಮಲ್ಲಿ ಹಬ್ಬದ ದಿನ ಹಿರಿಯರು ಕೊಟ್ಟದ್ದನ್ನು ಬೇಡ ಅನ್ನುವುದು ಎಷ್ಟು ಕಷ್ಟ ನಿಮಗೆ ಗೊತ್ತಲ್ವಾ? ಇಂಗ್ಲಿಷರಿಗೆ ಹೇಳುವಾಗ 1833ರಲ್ಲಿ ಬಂದ ಆರೋಗ್ಯದ ನಿಯಮ, ಅದರಲ್ಲಿ ಏನಿದೆ, ಹಸಿರು ಟೀ ಕುಡಿಯಬಹುದಾ ಅಂತ ಉದ್ದಕ್ಕೆ ವಿವರಿಸಬೇಕಿತ್ತು. ಇಲ್ಲಿ ನನ್ನ ಮುರುಕು ಹಿಂದಿಯಲ್ಲಿ "ಬಾ, ನಾವು ಟೀ ಕುಡಿಯುವುದಿಲ್ಲ" ಅಂದೆ ಅಷ್ಟೆ. ಅವರು ತಿರುಗಿ ನೋಡಿ ಒಂದೇ ಪದ ಕೇಳಿದರು. "ವ್ರತ?"

ಹೌದು ಅಂದೆ. ಸ್ಟವ್ ಮೇಲಿಂದ ಪಾತ್ರೆ ಇಳಿಸಿ ಪಕ್ಕಕ್ಕಿಟ್ಟರು. ಬೇರೆ ಪಾತ್ರೆಯಲ್ಲಿ ಹಾಲು ಕಾಯಿಸಿ ಏಲಕ್ಕಿ ಹಾಕಿದರು. ಇನ್ನೇನೂ ಕೇಳಲಿಲ್ಲ. ಮೂರು ತಿಂಗಳಲ್ಲಿ ಮೊದಲ ಸಲ ಯಾರೋ ನನ್ನನ್ನು ವಿವರಣೆ ಇಲ್ಲದೆ ಅರ್ಥ ಮಾಡಿಕೊಂಡಿದ್ದರು. ಎಲ್ಲ ಬಿಟ್ಟು ಬಂದದ್ದು, ಒಂದೇ ಥರದ ಬಟ್ಟೆ, ಹೊತ್ತಿಗೆ ಸರಿಯಾಗಿ ಏಳುವುದು, ಎಣಿಸಿಟ್ಟ ದಿನಗಳು. ಇದಕ್ಕೆ ನಮ್ಮ ಕಡೆ ಆಗಲೇ ಒಂದು ಪದ ಇತ್ತು. ನಾನೇ ಮರೆತಿದ್ದೆ. ಹೊರಗೆ ಬಂದ ಮೇಲೆ ಜೊತೆಗಾತಿ "ಅವರು ಏನು ಕೇಳಿದರು?" ಅಂದಳು. ಆ ಪದವನ್ನು ಇಂಗ್ಲಿಷಿಗೆ ತಿರುಗಿಸಲು ಬಸ್ ಸ್ಟಾಪಿನವರೆಗೂ ಒದ್ದಾಡಿದೆ.

ಹೊರಡುವಾಗ ಬಾ ಐಸ್‌ಕ್ರೀಮ್ ಡಬ್ಬಿಯಲ್ಲಿ ಘೂಘ್ರಾ ತುಂಬಿಕೊಟ್ಟರು. ಥೇಟ್ ನಮ್ಮ ಕರ್ಜಿಕಾಯಿ.

ಗುರುವಾರ ಮಾತ್ರ ಕೆಟ್ಟ ದಿನ. ಮಳೆ, ಗಾಳಿ. ಆಗ ಹುಡುಗಿಯರಿಗೆ ಸ್ಕರ್ಟ್ ಕಡ್ಡಾಯ. ಪ್ಯಾಂಟ್ ಹಾಕಬಹುದು ಅಂತ ಅನುಮತಿ ಬಂದಿದ್ದು ಡಿಸೆಂಬರ್ 20ಕ್ಕೆ, ಅವತ್ತು ನಾವಿಬ್ಬರೂ ಕೋಣೆಯಲ್ಲಿ ಕುಣಿದಿದ್ದೆವು. ಈ ಗುರುವಾರ ನಲವತ್ತೊಂದು ಬಾಗಿಲು ತಟ್ಟಿದೆವು. ತೆರೆದದ್ದು ಹದಿನಾಲ್ಕು. ಒಬ್ಬರು ನಮ್ಮ ಮುಖಕ್ಕೇ ಕೂಗಾಡಿದರು. ಅವರ ಮನೆಯಲ್ಲಿ ಏನು ನಡೆದಿತ್ತೋ. ಮಧ್ಯಾಹ್ನ ಏವನ್‌ಹ್ಯಾಮ್ ಪಾರ್ಕಿನಲ್ಲಿ ರಿಬಲ್ ನದಿ ದಂಡೆಯ ಬೆಂಚಿನ ಮೇಲೆ ಕೂತು ಊರಿಗೆ ಹೋಗುತ್ತೇನೆ ಅಂದೆ. ನಿಜವಾಗಿ ಹೇಳಿದ್ದೆ.

ಜೊತೆಗಾತಿ ಬುದ್ಧಿ ಹೇಳಲಿಲ್ಲ. ನದಿ ತೋರಿಸಿದಳು. 1837ರ ಜುಲೈನಲ್ಲಿ ಅಮೆರಿಕದಿಂದ ಬಂದ ಮೊದಲ ಮಿಷನರಿಗಳು ಇಂಗ್ಲೆಂಡಿನ ಮೊದಲ ಒಂಬತ್ತು ಜನಕ್ಕೆ ಬ್ಯಾಪ್ಟಿಸಮ್, ಅಂದರೆ ನೀರಿನಲ್ಲಿ ಮುಳುಗಿಸಿ ಚರ್ಚಿಗೆ ಸೇರಿಸಿಕೊಳ್ಳುವ ದೀಕ್ಷೆ, ಕೊಟ್ಟದ್ದು ಇದೇ ನದಿಯಲ್ಲಿ. ಮೊದಲು ಯಾರು ಅಂತ ಓಟದ ಪಂದ್ಯವೇ ನಡೆದು ಜಾರ್ಜ್ ವಾಟ್ ಅನ್ನುವ ಯುವಕ ಗೆದ್ದನಂತೆ. ಅದಾಗಿ ಸುಮಾರು ನೂರು ವರ್ಷಕ್ಕೆ, 1933ರಲ್ಲಿ, ಗಾರ್ಡನ್ ಹಿಂಕ್ಲಿ ಅನ್ನುವ ಹುಡುಗ ಇದೇ ಪ್ರೆಸ್ಟನ್‌ಗೆ ಮಿಷನರಿಯಾಗಿ ಬಂದ. ಬಂದ ಹೊಸದರಲ್ಲೇ ಅಪ್ಪನಿಗೆ ಪತ್ರ ಬರೆದ: ನನ್ನ ಸಮಯ, ನಿಮ್ಮ ದುಡ್ಡು ಎರಡೂ ದಂಡ. ಅಪ್ಪನ ಉತ್ತರ ಚಿಕ್ಕದು. ನಿನ್ನನ್ನು ನೀನು ಮರೆತು ಕೆಲಸಕ್ಕೆ ಹೊರಡು. ಆ ಹುಡುಗನೇ ಮುಂದೆ ಇಡೀ ಚರ್ಚಿನ ಅಧ್ಯಕ್ಷರಾಗಿ, 1998ರಲ್ಲಿ ಪಕ್ಕದ ಚೋರ್ಲಿಯಲ್ಲಿ ದೇವಾಲಯ ಪ್ರತಿಷ್ಠೆ ಮಾಡಿದರು. ಮಿಷನರಿಗಳೆಲ್ಲ ನೂರು ಸಲ ಕೇಳಿರುವ ಕಥೆ ಇದು. ಆದರೆ ಒದ್ದೆ ಸಾಕ್ಸಿನಲ್ಲಿ ಅದೇ ಊರಲ್ಲಿ ಕೂತು ಕೇಳುವುದು ಬೇರೆ. ಡಬ್ಬಿಯಲ್ಲಿ ಉಳಿದಿದ್ದ ಎರಡು ಘೂಘ್ರಾ ತಿಂದು ಎದ್ದೆವು. ಅವತ್ತು ಬಲಿಪಾಡ್ಯಮಿ ಅಂತ ನೆನಪಾದದ್ದು ರಾತ್ರಿ.

ಶುಕ್ರವಾರ ಮುಂದಿನ ವಾರದ ಯೋಜನೆ. ಅದರ ಕೊನೆಗೆ ಇಬ್ಬರೂ ಎದುರುಬದುರು ಕೂತು ನಿನ್ನಿಂದ ನನಗೆ ಏನು ತೊಂದರೆ ಅಂತ ಮನಸ್ಸು ಬಿಚ್ಚಿ ಹೇಳಬೇಕು. ಅವಳು ಬಹಳ ಹೊತ್ತು ಯೋಚಿಸಿ, "ನೀನು ಯಾವಾಗಲೂ ನನ್ನ ಮುಂದೆ ನಡೆಯುತ್ತೀಯ. ನಿನ್ನ ಬೆನ್ನು ನೋಡಿಕೊಂಡು ನಡೆದು ಸಾಕಾಗಿದೆ" ಅಂದಳು. ನಾನು ಬೇಕಂತ ಮಾಡಿದ್ದಲ್ಲ. ಬೆಂಗಳೂರಿನ ಫುಟ್‌ಪಾತಿನಲ್ಲಿ ಇಬ್ಬರು ಅಕ್ಕಪಕ್ಕ ನಡೆಯಲು ಆಗುತ್ತದೆಯೇ? ಒಬ್ಬರು ಮುಂದೆ, ಒಬ್ಬರು ಹಿಂದೆ, ಅದೇ ಅಭ್ಯಾಸ. ಅವಳಿಗೆ ಎರಡೂವರೆ ತಿಂಗಳಿಂದ ಅದು ನೋಯುತ್ತಿತ್ತು. ಅವತ್ತಿನಿಂದ ಪಕ್ಕಪಕ್ಕ ನಡೆಯಲು ಕಲಿತೆ. ಈಗಲೂ ಯಾರ ಜೊತೆ ನಡೆದರೂ ಒಂದು ಸಲ ಪಕ್ಕಕ್ಕೆ ನೋಡುತ್ತೇನೆ.

ಶನಿವಾರ ಒಬ್ಬ ಅಜ್ಜನ ಹಿತ್ತಲಲ್ಲಿ ಎಲೆ ಗುಡಿಸಿದೆವು, ಒಬ್ಬ ನರ್ಸ್‌ಗೆ ಬೈಬಲ್ ಜೊತೆ ನಮ್ಮ ಇನ್ನೊಂದು ಪವಿತ್ರ ಪುಸ್ತಕವಾದ ಮಾರ್ಮನ್ ಗ್ರಂಥದ ಒಂದು ಅಧ್ಯಾಯ ಓದಿ ಹೇಳಿದೆವು. ಭಾನುವಾರ ನವೆಂಬರ್ 11, ಮೊದಲ ಮಹಾಯುದ್ಧ ಮುಗಿದು ಸರಿಯಾಗಿ ನೂರು ವರ್ಷ. ಯುದ್ಧದಲ್ಲಿ ಸತ್ತವರ ನೆನಪಿಗೆ ಎದೆಗೆ ಕೆಂಪು ಗಸಗಸೆ ಹೂವಿನ ಪಿನ್ ಸಿಕ್ಕಿಸಿಕೊಂಡ ಮುದುಕರು ಚರ್ಚಿನ ಬೆಂಚುಗಳಲ್ಲಿ ಎರಡು ನಿಮಿಷ ಉಸಿರೂ ಕೇಳಿಸದಂತೆ ಕೂತಿದ್ದರು. ಆಮೇಲೆ ಯೇಸುವಿನ ನೆನಪಿಗೆ ಬ್ರೆಡ್ಡು, ನೀರು ಹಂಚಿದರು. ನಮ್ಮಲ್ಲಿ ದ್ರಾಕ್ಷಾರಸದ ಬದಲು ನೀರು.

ನಿಮ್ಮ ಎರಡನೇ ಪ್ರಶ್ನೆ. ಹದಿನೆಂಟು ತಿಂಗಳಲ್ಲಿ ನಾನು ಪಾಠ ಹೇಳಿದವರ ಪೈಕಿ ಬ್ಯಾಪ್ಟಿಸಮ್ ಪಡೆದವರು ನಾಲ್ಕು ಜನ. ದಿನಕ್ಕಲ್ಲ, ವಾರಕ್ಕಲ್ಲ, ಒಟ್ಟು ನಾಲ್ಕು. ಮತಾಂತರದ ಬಗ್ಗೆ ನಮ್ಮಲ್ಲಿ ಬಹಳ ಜನಕ್ಕೆ ಬೇಸರ ಇದೆ, ಅದು ನನಗೆ ಗೊತ್ತು. ನನ್ನ ಮಟ್ಟಿಗೆ ಹೇಳುತ್ತೇನೆ. ಬೇಡ ಅಂದವರ ಮನೆಗೆ ಆ ಮಾತು ಹಿಡಿದು ಮತ್ತೆ ಹೋಗಲಿಲ್ಲ. ಬಾ ಆ ನಾಲ್ವರಲ್ಲಿ ಇಲ್ಲ. ನಾನು ಅವರಿಗೆ ಪುಸ್ತಕ ಕೊಡಲೂ ಇಲ್ಲ. ಅವರ ದೇವರು ಅಡುಗೆಮನೆ ಕಪಾಟಿನಲ್ಲಿ ದೀಪ ಹಚ್ಚಿಸಿಕೊಂಡು ಚೆನ್ನಾಗಿಯೇ ಇದ್ದ.

ಆದರೆ ಡಬ್ಬಿ ನಮ್ಮ ಹತ್ತಿರ ಉಳಿದಿತ್ತಲ್ಲ. ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ಅಮ್ಮ ಯಾವಾಗಲೂ ಹೇಳುತ್ತಾಳೆ. ಸೋಮವಾರ ಬಂತು. ನಮ್ಮ ಹತ್ತಿರ ಕೊಡುವಂಥದ್ದು ಏನೂ ಇರಲಿಲ್ಲ, ಸಾರಿನ ಪುಡಿ ಒಂದು ಬಿಟ್ಟು. ಅದೂ ಅರ್ಧ ಪೊಟ್ಟಣ. ಜೊತೆಗಾತಿಯ ಮುಖ ನೋಡಿದೆ, ಆ ಸಾರು ನನಗಿಂತ ಅವಳಿಗೇ ಹೆಚ್ಚು ಬೇಕಿತ್ತು. ಅವಳೇ ಚಮಚ ತಂದು ಅಳೆದು ಅಳೆದು ಅದರಲ್ಲಿ ಅರ್ಧವನ್ನು ಡಬ್ಬಿಗೆ ಹಾಕಿದಳು.

ಇಬ್ಬರೂ ಪಕ್ಕಪಕ್ಕ ನಡೆದು ಹೋದೆವು. ರಂಗೋಲಿ ಪೂರ್ತಿ ಅಳಿಸಿತ್ತು. ಬಾ ಬಾಗಿಲಲ್ಲೇ ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದರು.

"ಹಿಂಗ್," ಅಂದರು. ನಮ್ಮ ಇಂಗು. "ಒಳಗೆ ಬನ್ನಿ, ಹಾಲು ಇಡುತ್ತೇನೆ."