ವಿಮಾನ ಹೊರುವ ವಿರಾಟ್ ಯುದ್ಧನೌಕೆಯ ಮೂತಿ ಮೇಲಕ್ಕೆ ಬಾಗಿದ್ದು ಯಾಕೆ?

ಚಿಕ್ಕ ಓಟದಲ್ಲೇ ವಿಮಾನ ಜಾಸ್ತಿ ಭಾರ ಹೊತ್ತು ಹಾರಲಿ ಅಂತ. ಆ 12 ಡಿಗ್ರಿ ಏರಿಗೆ ಸ್ಕೀ ಜಂಪ್ ಅಂತಾರೆ. ಹಡಗು ಬ್ರಿಟಿಷರ ಬಳಿ 'ಹರ್ಮೀಸ್' ಆಗಿದ್ದಾಗಲೇ ಆ ಏರು ಕಟ್ಟಿದ್ದು. ಹಡಗು ನಮ್ಮ ನೌಕಾಪಡೆ ಸೇರಿದ್ದು 1987ರಲ್ಲಿ.

ಅದರ ಮೇಲಿದ್ದ ಸೀ ಹ್ಯಾರಿಯರ್ ಯುದ್ಧವಿಮಾನ ನಿಂತಲ್ಲಿಂದ ನೆಟ್ಟಗೆ ಮೇಲೇಳಬಲ್ಲದು, ನಿಜ. ಆದರೆ ಆಗ ಪೂರ್ತಿ ತೂಕವನ್ನು ಎಂಜಿನ್ ಒಂದೇ ಎತ್ತಬೇಕು. ಇಂಧನ, ಮದ್ದುಗುಂಡು ಎರಡನ್ನೂ ಕಡಿಮೆ ಮಾಡಬೇಕಾಗುತ್ತದೆ. ಓಡಿ ಬಂದು ಏರು ಹತ್ತಿದರೆ ಲೆಕ್ಕ ಬೇರೆ. ಡೆಕ್ಕಿನ ತುದಿ ಬಿಡುವಾಗ ಹಾರುವಷ್ಟು ವೇಗ ಇನ್ನೂ ಬಂದಿರುವುದಿಲ್ಲ. ಆದರೂ ಮೇಲಕ್ಕೆ ಎಸೆದ ಚೆಂಡಿನ ಹಾಗೆ ವಿಮಾನ ಕೆಲವು ಸೆಕೆಂಡು ಏರುತ್ತಲೇ ಇರುತ್ತದೆ. ಅಷ್ಟರಲ್ಲಿ ಎಂಜಿನ್ ಅದನ್ನು ಮುಂದಕ್ಕೆ ನೂಕಿ, ವೇಗ ಕೂಡಿ, ರೆಕ್ಕೆಗಳು ಭಾರ ಹೊರುತ್ತವೆ. ಹಡಗನ್ನು ಗಾಳಿಗೆ ಎದುರಾಗಿ ಓಡಿಸುತ್ತಿದ್ದದ್ದೂ ಅದಕ್ಕೇ: ಎದುರು ಗಾಳಿ ಅಂದರೆ ರೆಕ್ಕೆಗೆ ಪುಕ್ಕಟೆ ವೇಗ.

ನಾನು ಅದರಲ್ಲಿ ನಾವಿಕನಾಗಿದ್ದವನು. ಕೆಳಗೆ ಮೆಸ್ಸಿನಲ್ಲಿ ಕೂತಿದ್ದರೂ ಸಾಕು, ಸ್ಟೀಲ್ ಲೋಟದಲ್ಲಿ ಚಹಾ ನಡುಗಿದರೆ ಮೇಲೆ ಒಂದು ಹೊರಟಿತು ಅಂತ ಅರ್ಥ. ಮೊದಮೊದಲು ಬೆಚ್ಚಿಬೀಳುತ್ತಿದ್ದೆ. ಆಮೇಲೆ ಸುಮ್ನೆ ಲೋಟ ಹಿಡಿದುಕೊಂಡು ಮಾತು ಮುಂದುವರಿಸುತ್ತಿದ್ದೆ. 2016ರಲ್ಲಿ ಹ್ಯಾರಿಯರ್‌ಗಳು ನಿವೃತ್ತಿಯಾದವು, ಮರುವರ್ಷ ಮಾರ್ಚ್‌ನಲ್ಲಿ ಹಡಗೂ.