ಬಾಜೂ ಹೊಲದ ಬೋರು

ಹಾನಗಲ್ಲ ತಾಲೂಕಿನ ಓದುಗರೊಬ್ಬರ ಪತ್ರ: "ನಮ್ಮಜ್ಜನ ಬಾವಿ ಬತ್ತಿದ ಮೇಲೆ ನಾನು 300 ಅಡಿ ಬೋರ್ ಹಾಕಿಸಿದೆ. ಬಾಜೂ ಹೊಲದವರು 700 ಅಡಿ ಕೊರೆಸಿದರು. ಈ ಬೇಸಿಗೆಗೆ ನನ್ನ ಬೋರ್ ನಿಂತಿತು, ಅಡಿಕೆ ಸಸಿ ಒಣಗಿದವು. ನೀರಿಗೆ ದರ ಹಾಕಿ ಅವರಿಂದ ವಸೂಲಿ ಮಾಡಬಾರದೇಕೆ? ನಾನೂ 800 ಅಡಿ ಕೊರೆಸಲೇ?"

ನಮಸ್ಕಾರ. ನಿಮ್ಮ ಸಿಟ್ಟು ಸರಿಯಾದದ್ದೇ. ಕಾಯ್ದೆ ಮಾತ್ರ ಅವರ ಕಡೆಗಿದೆ. 1882ರ ಈಸ್‌ಮೆಂಟ್ ಕಾಯ್ದೆಯ (ಜಮೀನಿನ ಬಳಕೆಯ ಹಕ್ಕುಗಳ ಕಾಯ್ದೆ) ಕಾಲದಿಂದಲೂ ನಮ್ಮಲ್ಲಿ ಜಮೀನು ಯಾರದ್ದೋ ಅದರ ಕೆಳಗಿನ ನೀರೂ ಅವರದ್ದೇ ಅನ್ನುವ ಲೆಕ್ಕ ನಡೆದುಬಂದಿದೆ. ನೀರಿಗೆ ಬದುವಿನ ಗುರುತು ಎಲ್ಲಿ ಗೊತ್ತಾಗಬೇಕು?

ನೀವು ಕೇಳಿದ್ದನ್ನೇ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ 1920ರಲ್ಲಿ ಬರೆದರು. ಒಬ್ಬರ ಕೆಲಸದಿಂದ ಇನ್ನೊಬ್ಬರಿಗೆ ಆಗುವ ಲುಕ್ಸಾನು ಮಾಡಿದವರ ಖರ್ಚಿಗೆ ಸೇರಬೇಕು, ಅದಕ್ಕೆ ತೆರಿಗೆ ಹಾಕಿ ಅಂತ. ಕಾಗದದ ಮೇಲೆ ಚೆಂದ. ಆದರೆ ನಿಮ್ಮ ಲುಕ್ಸಾನಿನಲ್ಲಿ ಆ 700 ಅಡಿಯ ಪಾಲೆಷ್ಟು, ಬಾರದ ಮಳೆಯ ಪಾಲೆಷ್ಟು? ಯಾರು ಅಳೆಯಬೇಕು? ಬೇಜಾರಾಗಬೇಡಿ, ಇನ್ನೊಂದು ಮಾತು. ನೀವು 300 ಅಡಿಗೆ ಇಳಿದಾಗಲೂ ಯಾರದ್ದೋ ತೆರೆದ ಬಾವಿಯ ನೀರು ಕೆಳಗೆ ಹೋಗಿರಬಹುದು. ಬಿಲ್ ಬಂದರೆ ನಿಮ್ಮ ಮನೆಗೂ ಬರುತ್ತದೆ.

ಈಗಿನ ದರವನ್ನೇ ನೋಡಿ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಬಿಟ್ಟಿ. ರಾತ್ರಿ ತ್ರೀ ಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರ್ 'ಟಕ್' ಅನ್ನುತ್ತದೆ, ಪಂಪು ಓಡುತ್ತದೆ. ಮಾಲೀಕ ಮನೆಯಲ್ಲಿ ಮಲಗಿರುತ್ತಾನೆ. ಗಿಡದ ಬುಡ ತುಂಬಿ ನೀರು ಬದು ದಾಟಿ ಗಾಡಿದಾರಿಗೆ ಇಳಿದರೂ ಬಂದ್ ಮಾಡುವವರಿಲ್ಲ. ಎದ್ದು ಹೋಗಿ ಬಂದ್ ಮಾಡಿದರೆ ಅವನಿಗೆ ಸಿಗುವುದೇನು? ಒಂದು ಪೈಸೆ ಇಲ್ಲ, ನಿದ್ದೆ ಬೇರೆ ಹಾಳು.

ಹಾಗಂತ ನಾಳೆಯೇ ಮೀಟರ್ ಹಾಕಿ ಬಿಲ್ ಕೊಟ್ಟರೆ ಮೊದಲು ಸೋಲುವುದು ಎರಡು ಎಕರೆಯವರು. ಪಂಜಾಬ್ 2018ರಲ್ಲಿ ಬೇರೆ ದಾರಿ ಹಿಡಿಯಿತು: ರೈತನಿಗೆ ಇಷ್ಟು ಯೂನಿಟ್ ಅಂತ ಗೊತ್ತು ಮಾಡಿ, ಉಳಿಸಿದ ಪ್ರತಿ ಯೂನಿಟ್‌ಗೆ 4 ರೂಪಾಯಿ. ನನಗೆ ಇದು ಹಿಡಿಸಿತು. ಸ್ವಿಚ್ ಬಂದ್ ಮಾಡಲು ಒಂದು ಕಾರಣವಾದರೂ ಸಿಕ್ಕಿತಲ್ವಾ.

ಆದರೂ ಬರೀ ದರದಿಂದ ಕೆಲಸ ಆಗುವುದಿಲ್ಲ. 2009ರಲ್ಲಿ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಂ ಕ್ಯಾಲಿಫೋರ್ನಿಯಾದ ಅಂತರ್ಜಲವನ್ನೇ ಅಧ್ಯಯನ ಮಾಡಿದವರು. ನೀರು ಎತ್ತುವವರೇ ಕೂತು ಮಾತಾಡಿ ಮಿತಿ ಹಾಕಿಕೊಳ್ಳಬಲ್ಲರು ಎಂದು ತೋರಿಸಿದರು. ನವಲಗುಂದ, ರೋಣದ ಕಡೆ ಕುಡಿಯುವ ನೀರಿನ ಕೆರೆಗಳಿವೆ. ಕೆರೆಗೆ ಯಾರಾದರೂ ಎಮ್ಮೆ ಇಳಿಸಿದರೆ ಊರೇ ಬೈಯುತ್ತದೆ. ಯಾಕೆಂದರೆ ಅದು ಎಲ್ಲರಿಗೂ ಕಾಣುತ್ತದೆ. ಬೋರಿನ ನೀರು ಕಾಣುವುದಿಲ್ಲ, ಅಲ್ಲೇ ತೊಡಕು.

800 ಅಡಿ ಈಗಲೇ ಬೇಡ. ನೀವು ಇಳಿದರೆ ಅವರು 1,000ಕ್ಕೆ ಹೋಗುತ್ತಾರೆ, ಲಾಭ ಬೋರ್ ಲಾರಿಯವರಿಗೆ. ಅದರ ಬದಲು ಬಾಜೂದವರ ಜತೆ ಕೂತು ಕೇಳಿ: ಅವರ ಬೋರಿನಿಂದ ವಾರಕ್ಕೆ ಎರಡು ಪಾಳಿ ನೀರು ನಿಮಗೆ, ಮೋಟರ್ ಸುಟ್ಟರೆ ಅರ್ಧ ಖರ್ಚು ನಿಮ್ಮದು. ಇಬ್ಬರೂ ಡ್ರಿಪ್ ಹಾಕಿಸುವ ಮಾತನ್ನೂ ಆಗಲೇ ಎತ್ತಿ. ಒಪ್ಪಿದರೂ ಒಪ್ಪದಿದ್ದರೂ ನಮಗೆ ಬರೆಯಿರಿ.

- ಸಂಪಾದಕ